ಮಾವನ ಕಾಲಿನ ಪಟ್ಟಿ ಮತ್ತು ಮಾಬಣ್ಣ

ರೀಲಿನ ಡಬ್ಬಿ ಮುಟ್ಟುವ ಮೊದಲು ನಮ್ಮೂರ ಟಾಕೀಸಿನ ಆಪರೇಟರ್ ಮಾಬಣ್ಣ ಸೋಪು ಹಚ್ಚಿ ಮೊಣಕೈವರೆಗೂ ಕೈ ತೊಳೆಯುತ್ತಿದ್ದ. ಆಮೇಲೆ ಆಪರೇಷನ್ನಿಗೆ ನಿಂತ ಡಾಕ್ಟರನ ಹಾಗೆ ಎರಡೂ ಕೈ ಮೇಲೆತ್ತಿಕೊಂಡು, ಬಾಗಿಲನ್ನು ಭುಜದಿಂದ ತಳ್ಳಿ ಸಿನಿಮಾ ಓಡಿಸುವ ಕ್ಯಾಬಿನ್ನಿನೊಳಗೆ ಹೋಗುತ್ತಿದ್ದ. ಇಂಥವನು ರೀಲು ಕತ್ತರಿಸಿದ ಅಂತ ಕೊಟ್ಟೂರಿನ ಜನ ಇವತ್ತಿಗೂ ಹೇಳುತ್ತಾರೆ. ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ.

ನಾನು ಆಗ ಅದೇ ಟಾಕೀಸಿನಲ್ಲಿ ಹೆಂಗಸರ ಕೌಂಟರಿನಲ್ಲಿ ಟಿಕೆಟ್ ಕೊಡುತ್ತಿದ್ದೆ. ಅಂಗೈಯಗಲದ ಕಿಟಕಿ, ಅದಕ್ಕೊಂದು ಹಲಗೆಯ ಮುಚ್ಚಳ, ಒಳಗೆ ಸ್ಟೂಲಿನ ಮೇಲೆ ನಾನು. ನನ್ನ ತಲೆಯ ಮೇಲೆಯೇ ಮಾಬಣ್ಣನ ಕ್ಯಾಬಿನ್ನು. ಅವನು ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ನನ್ನನ್ನು ತಂಗಿ ಅನ್ನುತ್ತಿದ್ದ. ತುಟಿಗೆ ಸಿಕ್ಕಿಸಿದ ಬೀಡಿಯನ್ನು ಹಚ್ಚುತ್ತಿರಲಿಲ್ಲ. ಕ್ಯಾಬಿನ್ನಿನಲ್ಲಿ ಬೆಂಕಿ ಕೂಡದು ಎನ್ನುವುದು ಅವನ ಕಾನೂನು. ಆಟ ಮುಗಿದ ಮೇಲೆ ಕೆಳಗಿಳಿದು ಬಂದು, ಆ ಒದ್ದೆ ಬೀಡಿಯನ್ನು ಎಸೆದು ಹೊಸದು ಹಚ್ಚುತ್ತಿದ್ದ. ಆಟ ನಡೆವಾಗ ಪರದೆಯ ಕಡೆ ಅವನು ನೋಡುತ್ತಿದ್ದದ್ದು ಕಡಿಮೆ. ಮಷಿನ್ನಿಗೆ ಕಿವಿಗೊಟ್ಟು ಕೂತಿರುತ್ತಿದ್ದ. ಸದ್ದು ಒಂದಿಷ್ಟು ಬದಲಾದರೆ ಸಾಕು, ಎದ್ದು ನಿಲ್ಲುತ್ತಿದ್ದ. ಫಿಲಮು ಹರಿದರೆ ಅಂಟಿಸುವಾಗ ಒಂದೆರಡು ಚಿತ್ರ ಹೋಗುತ್ತವೆ, ಅದಕ್ಕೆ ಯಾರೇನು ಮಾಡಲಿಕ್ಕಾಗುತ್ತದೆ? ಆ ಒಂದೆರಡು ಚಿತ್ರಕ್ಕೂ ಅವನು ದಿನವಿಡೀ ಮುಖ ಇಳಿಬಿಟ್ಟುಕೊಂಡಿರುತ್ತಿದ್ದ.

ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಟಾಕೀಸಿಗೆ ಒಂದು ನಗೆ ಸಿನಿಮಾ ಬಂತು. ಹೆಸರು ಬೇಡ. ಹೇಳಿದರೆ ನೀವೂ ನಕ್ಕುಬಿಡುತ್ತೀರಿ, ನನಗೆ ಅದರಲ್ಲಿ ನಗುವಂಥದ್ದು ಏನೂ ಉಳಿದಿಲ್ಲ. ಮೊದಲ ಸಲ ಅದು ಮೂರೇ ದಿನಕ್ಕೆ ಹೋಯಿತು. ಎರಡನೇ ಸಲ ಬಂದಾಗ ಒಂದು ವಾರ ಓಡಿತು. ಆಮೇಲೆ ಟಾಕೀಸಿನ ಸಾಹುಕಾರರಿಗೆ ಬೇರೆ ಸಿನಿಮಾ ಸಿಗದಿದ್ದಾಗಲೆಲ್ಲ ಅದನ್ನೇ ತರಿಸುತ್ತಿದ್ದರು, ಜನರೂ ಬರುತ್ತಿದ್ದರು. ಹತ್ತು, ಹದಿನೈದು ಸಲ ನೋಡಿದವರಿದ್ದರು. ಮಾತುಗಳನ್ನೆಲ್ಲ ಪರದೆಗಿಂತ ಮೊದಲೇ ಜನರೇ ಹೇಳಿ ಮುಗಿಸುತ್ತಿದ್ದರು.

ಹಾಗೆ ನೋಡಿ ನೋಡಿಯೇ ಸಿನಿಮಾದ ಮಾವನ ಕಾಲು ಜನರ ಕಣ್ಣಿಗೆ ಬಿತ್ತು. ಸಿನಿಮಾದಲ್ಲಿ ಹುಡುಗಿಯ ಅಪ್ಪ ಮೆಟ್ಟಿಲಿನಿಂದ ಉರುಳಿ ಬೀಳುತ್ತಾನೆ, ಎಡಗಾಲಿಗೆ ಇಷ್ಟು ದಪ್ಪ ಪಟ್ಟಿ. ಅಳಿಯ ಹಣ್ಣು ಹಿಡಿದು ನೋಡಲು ಬರುತ್ತಾನೆ, ಆಗ ಪಟ್ಟಿ ಬಲಗಾಲಿಗೆ. ಹಾಡು ಮುಗಿಯುವ ಹೊತ್ತಿಗೆ ಮತ್ತೆ ಎಡಗಾಲಿಗೆ. ಅಳಿಯನ ಅಂಗಿಯೂ ಹಾಗೆಯೇ, ಹೊಸ್ತಿಲ ಹೊರಗೆ ಚೌಕಡಿ, ಒಳಗೆ ಗೆರೆ. ಸಿನಿಮಾ ತೆಗೆದವರ ತಪ್ಪು ಇದು. ಒಂದೇ ದೃಶ್ಯವನ್ನು ಎರಡು ದಿನ ತೆಗೆದಿರುತ್ತಾರೆ, ಯಾವ ಕಾಲು ಅನ್ನುವುದು ಮರೆತಿರುತ್ತಾರೆ. ಅಷ್ಟು ದೊಡ್ಡ ಊರಿನಲ್ಲಿ, ಅಷ್ಟು ಜನ ನಿಂತು ಮಾಡಿದ ತಪ್ಪು ಕೊಟ್ಟೂರಿನ ಒಬ್ಬ ಆಪರೇಟರನ ತಲೆಗೆ ಬರಬೇಕೇ?

ಬಂತು. ಮೊದಲು, ಮಾಬು ರೀಲನ್ನು ಉಲ್ಟಾ ಹಾಕುತ್ತಾನೆ, ಅದಕ್ಕೇ ಎಡ ಬಲ ಆಗುತ್ತದೆ ಅಂದರು. ಮಾಬಣ್ಣ ಎಲ್ಲರಿಗೂ ತಾಳ್ಮೆಯಿಂದ ಬಿಡಿಸಿ ಹೇಳಿದ. ಫಿಲಮಿನ ಒಂದೇ ಅಂಚಿನಲ್ಲಿ ಮಾತಿನ ಗೆರೆ ಇರುತ್ತದೆ, ಉಲ್ಟಾ ಹಾಕಿದರೆ ಮಾವನ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ ಅಂದ. ಸರಿ ಅಂತ ತಲೆಯಾಡಿಸಿದರು. ಮರುವಾರ ಹೊಸ ಮಾತು ಹುಟ್ಟಿತು.

ಅದನ್ನು ಹುಟ್ಟಿಸಿದವನು ಟೈಲರ್ ಕೊಟ್ರೇಶಿ. ನಡುವೆ ಒಂದು ಸೀನು ಐತಿ ಅಂದ. ಡಾಕ್ಟರು ಬರುತ್ತಾನಂತೆ, ಏಟು ಬಿದ್ದದ್ದು ಬಲಗಾಲಿಗೆ, ಪಟ್ಟಿ ಎಡಗಾಲಿಗೆ ಯಾಕೆ ಕಟ್ಟಿದಿರಿ ಅಂತ ನರ್ಸಿಗೆ ಬೈದು ಬಿಚ್ಚಿಸಿ ಕಟ್ಟಿಸುತ್ತಾನಂತೆ. ತಾನು ಹರಪನಹಳ್ಳಿಯಲ್ಲಿ ಕಣ್ಣಾರೆ ನೋಡಿದ್ದಾಗಿ ಆಣೆ ಮಾಡಿದ. ಆಣೆ ಅಷ್ಟೇ ಅಲ್ಲ, ಅಂಗಡಿ ಮುಂದೆ ಅಳತೆಯ ಟೇಪನ್ನೇ ಪಟ್ಟಿ ಮಾಡಿಕೊಂಡು ಡಾಕ್ಟರು, ನರ್ಸು, ಮಾವ ಮೂವರನ್ನೂ ತಾನೇ ಮಾಡಿ ತೋರಿಸಿದ. ಚೆನ್ನಾಗಿ ಮಾಡುತ್ತಿದ್ದ, ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕಿದ್ದೇನೆ. ತಿಂಗಳೊಪ್ಪತ್ತಿನಲ್ಲಿ ಅರ್ಧ ಊರೇ ಆ ಸೀನು ನೋಡಿದ್ದಾಗಿ ಹೇಳತೊಡಗಿತು. ಹಾಗಾದರೆ ಅದು ಇಲ್ಲಿ ಯಾಕಿಲ್ಲ? ಮಾಬು ಕತ್ತರಿಸಿ ಇಟ್ಟುಕೊಂಡಿದ್ದಾನೆ.

ಮಾಬಣ್ಣ ಊಟ ಬಿಟ್ಟ. ಬೀದಿಯಲ್ಲಿ ಹೋದರೆ ಹುಡುಗರು ಎರಡು ಬೆರಳು ಕತ್ತರಿಯಂತೆ ಆಡಿಸುತ್ತಿದ್ದರು. ಒಂದು ದಿನ ನನ್ನ ಕಿಟಕಿಗೆ ಬಂದು, "ತಂಗಿ, ಹರಪನಹಳ್ಳ್ಯಾಗ ಅದ ಸಿನಿಮಾ ಹಾಕ್ಯಾರಂತ. ನಾ ಒಬ್ಬಾವ ನೋಡಿದ್ರ ಸಾಲದು, ನನ್ನ ಕಣ್ಣ ಮ್ಯಾಲೆ ನನಗ ನಂಬಿಕಿ ಇಲ್ಲದಂಗ ಆಗೇತಿ. ನೀನೂ ಬಾ" ಅಂದ.

ಮನೆಯಲ್ಲಿ ದವಾಖಾನೆಗೆ ಅಂತ ಹೇಳಿ ಹೊರಟೆ. ಪರ ಊರಿಗೆ ಪರ ಗಂಡಸಿನ ಜೊತೆ ಮ್ಯಾಟ್ನಿಗೆ ಹೋಗುತ್ತೇನೆ ಅಂದರೆ ನಮ್ಮ ಅತ್ತೆ ಹೊಸ್ತಿಲು ದಾಟಿಸುತ್ತಿದ್ದಳೇ? ಬಸ್ಸಿನಲ್ಲಿ ಅವನು ಮುಂದೆ, ನಾನು ಹಿಂದೆ ಕೂತೆವು. ಟಾಕೀಸಿನಲ್ಲೂ ನಡುವೆ ಎರಡು ಕುರ್ಚಿ ಬಿಟ್ಟ. ಮಾವ ಮೆಟ್ಟಿಲಿನಿಂದ ಬಿದ್ದ. ಎಡಗಾಲು. ಅಳಿಯ ಹಣ್ಣು ತಂದ. ಬಲಗಾಲು. ಡಾಕ್ಟರೂ ಇಲ್ಲ, ನರ್ಸೂ ಇಲ್ಲ. ಜನರೆಲ್ಲ ನಗುತ್ತಿದ್ದರು, ಮಾಬಣ್ಣ ಟೋಪಿ ತೆಗೆದು ಕಣ್ಣು ಒರೆಸಿಕೊಂಡ.

ಆಟ ಬಿಟ್ಟ ಮೇಲೆ ಅಲ್ಲಿನ ಆಪರೇಟರನನ್ನು ಕಂಡೆವು. ನಾವು ಬಾಯಿ ತೆರೆಯುವ ಮೊದಲೇ ಅವನು ತನ್ನ ಗೋಳು ಹೇಳಿಕೊಂಡ. ಡಾಕ್ಟರನ ಸೀನು ಹಡಗಲಿಯ ಟಾಕೀಸಿನಲ್ಲಿ ಇದೆಯಂತೆ, ಇಲ್ಲಿ ತಾನು ಕತ್ತರಿಸಿದ್ದಾನಂತೆ, ಜನ ಬೈಯುತ್ತಿದ್ದಾರಂತೆ. ನಾನು ನಕ್ಕುಬಿಟ್ಟೆ. ಅವರಿಬ್ಬರೂ ನಗಲಿಲ್ಲ.

ಮುಂದಿನ ಸಲ ಆ ಸಿನಿಮಾ ನಮ್ಮಲ್ಲಿ ಹಾಕಿದಾಗ, ಇಂಟರ್‌ವಲ್ಲಿನಲ್ಲಿ ಪರದೆಯ ಮುಂದಿನ ಗಾಂಧಿ ಕ್ಲಾಸಿನವರು ಕುರ್ಚಿ ಬಡಿದರು. ಡಾಕ್ಟರನ ಸೀನು ತೋರಿಸುವ ತನಕ ಒಳಗೆ ಹೋಗುವುದಿಲ್ಲ ಅಂತ ಹೊರಗೆ ಬಂದು ನಿಂತರು. ಸಾಹುಕಾರರು ಮಾಬಣ್ಣನನ್ನು ಕೆಳಗೆ ಕರೆಸಿದರು. ನನ್ನ ಕಿಟಕಿಯಿಂದ ನಾಲ್ಕು ಮಾರು ದೂರ. "ತಪ್ಪಾತು ಅಂತ ಒಂದು ಮಾತು ಅಂದುಬಿಡು ಮಾಬು, ಮಂದಿ ಸುಮ್ಮನಾಕ್ತಾರ" ಅಂದರು. ಕತ್ತರಿಸಿದ್ದಾನೋ ಇಲ್ಲವೋ ಅಂತ ಕೇಳುವ ಗೋಜಿಗೇ ಹೋಗಲಿಲ್ಲ ಆ ಪುಣ್ಯಾತ್ಮ.

"ನಾ ಕತ್ತರಿಸಿಲ್ರಿ ಸಾವ್ಕಾರ್ರ. ಹರಪನಹಳ್ಳಿಗೆ ಹೋಗಿ ನೋಡಿ ಬಂದೀನಿ. ಅಲ್ಲೂ ಹಿಂಗ ಐತಿ."

"ನೀ ನೋಡಿದ್ದಕ್ಕ ಯಾರು ಸಾಕ್ಷಿ?"

ಮಾಬಣ್ಣ ನನ್ನ ಕಿಟಕಿಯ ಕಡೆ ತಿರುಗಲಿಲ್ಲ. ಹೆಂಗಸರ ಗುಂಪಿನಲ್ಲಿ ನಮ್ಮ ಅತ್ತೆಯೂ ಇದ್ದಳು, ಅವನಿಗೆ ಅದು ಗೊತ್ತಿತ್ತು. ನನಗೂ ಗೊತ್ತಿತ್ತು. ನಾನು ಕಿಟಕಿಯ ಹಲಗೆ ಎಳೆದುಕೊಂಡೆ. ಅವನು ಕ್ಯಾಬಿನ್ನಿನ ಕೀಲಿಯನ್ನು ಸಾಹುಕಾರರ ಕೈಗಿಟ್ಟು ನಡೆದ ಹೆಜ್ಜೆ ನನಗೆ ಕೇಳಿಸಿತು, ಕಾಣಲಿಲ್ಲ. ಎರಡನೇ ಅರ್ಧವನ್ನು ಗೇಟಿನವನು ಓಡಿಸಿದ. ಮೂರು ಕಡೆ ಫಿಲಮು ಹರಿಯಿತು. ಯಾರೂ ಕುರ್ಚಿ ಬಡಿಯಲಿಲ್ಲ.

ಮಾಬಣ್ಣ ಹಗರಿಬೊಮ್ಮನಹಳ್ಳಿಗೆ ಹೋಗಿ ಫ್ಯಾನು, ಸ್ಟೋವು ರಿಪೇರಿಯ ಅಂಗಡಿ ಇಟ್ಟ. ಕೆಲವು ವರ್ಷಕ್ಕೆ ಮನೆಮನೆಗೂ ಸಿ.ಡಿ. ಪ್ಲೇಯರ್ ಬಂದವು. ಆ ಸಿನಿಮಾದ ಸಿ.ಡಿ.ಯೂ ಬಂತು. ನಮ್ಮ ಮನೆಯ ಟಿ.ವಿ.ಯಲ್ಲಿ ಎಡಗಾಲು, ಬಲಗಾಲು, ಮತ್ತೆ ಎಡಗಾಲು. ಸಿ.ಡಿ.ಯನ್ನು ಸಾಹುಕಾರರ ಮನೆಗೆ ಹೊತ್ತೊಯ್ದು ತೋರಿಸಿದೆ. ಅವರು ಹೊಟ್ಟೆ ಹಿಡಿದು ನಕ್ಕು, "ಹೌದಲ್ಲವ್ವ, ಅವನು ಕತ್ತರಿಸಿರಲಿಲ್ಲ ನೋಡು. ಅಷ್ಟಕ್ಕ ಕೆಲಸ ಬಿಟ್ಟು ಹೋಗಬೇಕಾ?" ಅಂದರು. ಅವರು ಕೊಟ್ಟ ಚಹಾವನ್ನು ನಾನು ಮುಟ್ಟಲಿಲ್ಲ.

ಅದೇ ಸಿ.ಡಿ. ಹಿಡಿದು ಮಾಬಣ್ಣನಲ್ಲಿಗೆ ಹೋದೆ. ಫ್ಯಾನೊಂದನ್ನು ಬಿಚ್ಚಿ ಹರವಿಕೊಂಡು ಕೂತಿದ್ದ. ನನ್ನನ್ನು ಕಂಡವನೇ ಎದ್ದು ಸೋಪು ಹಚ್ಚಿ ಕೈ ತೊಳೆದು, ಸಿ.ಡಿ.ಯನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಹಿಡಿದ. ಚಿತ್ರ ಕಾಣದ್ದಕ್ಕೆ ಬೇಸರವಾಗಿರಬೇಕು, ವಾಪಸ್ ಕೊಟ್ಟ.

"ನನಗ ಗೊತ್ತೈತಿ ತಂಗಿ. ಗೊತ್ತಿಲ್ಲದವ್ರಿಗೆ ತೋರ್ಸು."

ಅವತ್ತು ನಾನು ಬಾಯಿ ಬಿಡಬೇಕಿತ್ತು ಅಂದೆ. ಅಳು ಬಂತು. ಅವನು ಸ್ಕ್ರೂಗಳನ್ನು ಆರಿಸುತ್ತ, "ಬಿಟ್ಟಿದ್ರ ನಿನ್ನ ಹೆಸರೂ ಹೋಗ್ತಿತ್ತು. ಒಂದು ಹೋಗಿದ್ದು ಸಾಲದಾಗಿತ್ತಾ?" ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅದೇ ನಮ್ಮ ಕೊನೆಯ ಭೇಟಿ.

ಅವನು ತೀರಿಕೊಂಡ ದಿನ ಹೋಗಿ ಮುಖ ನೋಡಿ ಬಂದೆ. ಬಸ್‌ಸ್ಟ್ಯಾಂಡಿನಲ್ಲಿ ಕೊಟ್ಟೂರಿನ ಬಸ್ಸಿಗೆ ಕಾಯುತ್ತಿದ್ದಾಗ ಟೈಲರ್ ಕೊಟ್ರೇಶಿಯೂ ಬಂದ. ಅವನೂ ಮಣ್ಣು ಕೊಡಲು ಬಂದಿದ್ದ, ನಮ್ಮೂರಿನ ಇನ್ನೂ ನಾಲ್ಕೈದು ಜನ ಇದ್ದರು. ಕೊಟ್ರೇಶಿಯ ಕಣ್ಣು ನಿಜವಾಗಿಯೂ ಕೆಂಪಗಾಗಿದ್ದವು. "ಭಾಳ ಚಲೋ ಮನಷ್ಯಾ ಅಕ್ಕಾರ. ಆ ಸೀನೊಂದು ಕತ್ತರಿಸಬಾರದಾಗಿತ್ತು" ಅಂದ.

ಎದ್ದು ನಿಂತೆ. ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಹೇಳಿದೆ. "ಕತ್ತರಿಸಿಲ್ಲ. ನಾನೂ ಅವನ ಜೋಡಿ ಹರಪನಹಳ್ಳಿಗೆ ಹೋಗಿದ್ದೆ. ಮನ್ಯಾಗ ಸುಳ್ಳು ಹೇಳಿ ಹೋಗಿ, ಮ್ಯಾಟ್ನಿಗೆ ಕುಂತು, ಕಣ್ಣಾರೆ ನೋಡಿ ಬಂದೀನಿ. ಆ ಸೀನು ಅಲ್ಲಿ ಇಲ್ಲ."

ನಮ್ಮೂರಿನವರೆಲ್ಲ ನನ್ನತ್ತ ತಿರುಗಿದರು. ಕೊಟ್ರೇಶಿ ಮರುಕದಿಂದ ತಲೆಯಾಡಿಸಿದ.

"ಹರಪನಹಳ್ಳ್ಯಾಗ ಅಲ್ರಿ ಅಕ್ಕಾರ," ಅಂದ. "ನಾ ನೋಡಿದ್ದು ಹಡಗಲ್ಯಾಗ."