ಸೂಜಿ ಟೀಚರ ಡ್ರಮ್ಮು

ನಮ್ಮ ಶಾಲೆಯ ಹೊಲಿಗೆ ಟೀಚರಿಗೆ ಮಕ್ಕಳು ಇಟ್ಟ ಹೆಸರು ಸೂಜಿ ಟೀಚರ್. ಆಳು ಅಷ್ಟೇ ಸಣ್ಣ, ಮಾತು ಅಷ್ಟೇ ಮೊನಚು. ಊಟದ ಬಿಡುವಿನಲ್ಲಿ ಕಸದ ಬುಟ್ಟಿಗೆ ಬೀಳುತ್ತಿದ್ದ ಹಣ್ಣಿನ ಸಿಪ್ಪೆಗಳನ್ನು ನೋಡಿ ನೋಡಿ, ಒಂದು ದಿನ ಈಕೆ ಸಮರ ಸಾರಿದರು. ಹೆಡ್ಮಾಸ್ಟರ ಕಿಟಕಿಯ ಕೆಳಗೆ ಹಳೆಯ ಡ್ರಮ್ಮೊಂದು ಬಂದು ನಿಂತಿತು. ಸಿಪ್ಪೆ ಗೊಬ್ಬರವಾಗಬೇಕು, ಆ ಗೊಬ್ಬರದಲ್ಲಿ ಮಕ್ಕಳು ಗಿಡ ಬೆಳೆಸಬೇಕು. ಇದು ಪ್ರತಿಜ್ಞೆ.

ಗೊಬ್ಬರಕ್ಕೆ ತೇವ ಬೇಕೆಂದು ಟೀಚರ್ ಕಲಿಸಿದ್ದರು. ಹೊಲಿಗೆಯ ಜೊತೆ ಲೆಕ್ಕವನ್ನೂ ಕಲಿಸುತ್ತಿದ್ದ ಅವರು ಸರಿಯುತ್ತರ ಹೇಳಿದವರಿಗೆ ಕೊಡುತ್ತಿದ್ದ ಬಹುಮಾನ, ಡ್ರಮ್ಮಿಗೆ ಒಂದು ಚೊಂಬು ನೀರು ಹಾಕುವ ಗೌರವ. ಆ ಗೌರವದ ಆಸೆಗೆ ಹಿಂದಿನ ಬೆಂಚಿನ ಮಹಾಶಯರೂ ಮಗ್ಗಿ ಬಾಯಿಪಾಠ ಮಾಡಿದರು. ತರಗತಿ ಜಾಣವಾದಷ್ಟೂ ಡ್ರಮ್ಮು ಮುಳುಗಿತು. ಕೊನೆಗೆ ಅದರಿಂದೆದ್ದ ನಾತ ಕಿಟಕಿ ಹತ್ತಿ ಹೆಡ್ಮಾಸ್ಟರ ಕುರ್ಚಿಯನ್ನೇ ಆಕ್ರಮಿಸಿತು.

ಹೆಡ್ಮಾಸ್ಟರು ಕರವಸ್ತ್ರದ ಮರೆಯಿಂದ ತೀರ್ಪು ಕೊಟ್ಟರು. "ಮುಂದಿನ ಶುಕ್ರವಾರದೊಳಗೆ ನಾತ ಹೋಗ್ಬೇಕು ಮೇಡಂ. ಇಲ್ಲಾಂದ್ರೆ ಡ್ರಮ್ಮೇ ಹೋಗುತ್ತೆ. ಆ ನೆರಳಿನ ಜಾಗಕ್ಕೆ ನನ್ನ ಸ್ಕೂಟರ್ ಬರುತ್ತೆ."

ಟೀಚರ್ ಸೆರಗು ಸಿಕ್ಕಿಸಿ ರಣರಂಗಕ್ಕಿಳಿದರು. ಮೂಗಿಗೆ ಬಟ್ಟೆ ಕಟ್ಟಿಕೊಂಡ ಸೈನ್ಯ ಡ್ರಮ್ಮು ಉರುಳಿಸಿತು. ಒಳಗಿನ ರಾಡಿ ಕಂಡು ಸೈನ್ಯದ ಅರ್ಧಭಾಗ ಪಲಾಯನ ಮಾಡಿ, ನಾಚಿಕೊಂಡು ವಾಪಸಾಯಿತು. ಯಾರ ತಪ್ಪು ಎಂದು ಒಬ್ಬ ಕೇಳಿದ.

"ನಂದೇ ಕಣೋ," ಎಂದರು ಟೀಚರ್. "ಹಿಂಡಿದ ಬಟ್ಟೆಯಷ್ಟು ತೇವ ಸಾಕು ಅನ್ಬೇಕಿತ್ತು. ನೀವು ಜಾಣರಾಗ್ತಿದ್ದೀರಿ ಅಂತ ಹಿಗ್ಗಿ, ಅದನ್ನ ಮುಳುಗಿಸಿಬಿಟ್ಟೆ. ಪಾಪ, ಅದಕ್ಕೆ ಉಸಿರಾಡೋಕೆ ಗಾಳಿನೇ ಇಲ್ಲ."

ಡ್ರಮ್ಮಿನ ತಳಕ್ಕೂ ಮೈಗೂ ತೂತು ಬಿದ್ದವು. ರಾಡಿಗೆ ಒಣ ಎಲೆ, ಹರಿದ ರಟ್ಟು ಬೆರೆತವು. ಬಹುಮಾನವೂ ಬದಲಾಯಿತು: ಸರಿಯುತ್ತರಕ್ಕೆ ಒಂದು ಮುಷ್ಟಿ ಒಣ ಎಲೆ, ಕೋಲಿನಿಂದ ಒಂದು ಸಲ ತಿರುವುವ ಹಕ್ಕು. ಟೀಚರ್ ದಿನಾ ಎಲ್ಲರಿಗಿಂತ ಮೊದಲು ಬಂದು ಡ್ರಮ್ಮಿನೊಳಗೆ ಮೂಗಿಡುತ್ತಿದ್ದರು. ಮುಖ ಕಿವುಚಿದರೆ ಇನ್ನೊಂದು ಬುಟ್ಟಿ ಎಲೆ.

ಶುಕ್ರವಾರ ಹೆಡ್ಮಾಸ್ಟರು ಕರವಸ್ತ್ರ ಸಜ್ಜಾಗಿಟ್ಟುಕೊಂಡೇ ಬಂದರು. ಬಗ್ಗಿದರು. ಮೂಸಿದರು. ಅನುಮಾನದಿಂದ ಮತ್ತೊಮ್ಮೆ ಮೂಸಿದರು. ಮಳೆ ಬಿದ್ದ ಮಣ್ಣಿನ ವಾಸನೆ. ಕರವಸ್ತ್ರ ಸದ್ದಿಲ್ಲದೆ ಜೇಬು ಸೇರಿತು. ಪಕ್ಕದ ರಾಶಿಯಿಂದ ಅವರು ಒಂದು ಮುಷ್ಟಿ ಎಲೆ ಎತ್ತಿದ್ದೇ ತಡ, ಎರಡು ಜಡೆಯ ಪುಟಾಣಿಯೊಬ್ಬಳು ಅಡ್ಡ ನಿಂತಳು.

"ಉತ್ತರ ಹೇಳಿದ್ರೆ ಮಾತ್ರ ಸಾರ್. ಡ್ರಮ್ಮು ಯಾಕೆ ನಾರ್ತಿತ್ತು?"

ಹೆಡ್ಮಾಸ್ಟರು ಟೀಚರ ಕಡೆ ನೋಡಿದರು. ಅಲ್ಲಿ ದಯೆಯ ಸುಳಿವಿರಲಿಲ್ಲ.

"ಗಾಳಿ ಇರ್ಲಿಲ್ಲ," ಎಂದರು ತಗ್ಗಿದ ದನಿಯಲ್ಲಿ.

ಜಡೆಗಳು ಪಕ್ಕಕ್ಕೆ ಸರಿದವು. ಸ್ಕೂಟರು ಇವತ್ತಿಗೂ ಬಿಸಿಲಲ್ಲೇ ನಿಲ್ಲುತ್ತದೆ.