ಧಾಪು ಜೀಜಿಯ ಮುಖ

ಗಡಿಸರ್ ಕೆರೆಯ ಕಮಾನಿನ ಪಕ್ಕ ನನ್ನ ಬಟ್ಟೆ ಅಂಗಡಿ, ಅದಕ್ಕೆ ಅಂಟಿಕೊಂಡಂತೆ ವೀಂಜಾರಾಮನ ಫೋಟೋ ಅಂಗಡಿ. ಜೈಸಲ್ಮೇರಿಗೆ ಬಂದ ಪರವೂರಿನವರನ್ನು ಕೋಟೆಯ ಬುರುಜಿನ ಮೇಲೆ, ಬಡಾ ಬಾಗಿನ ಕಲ್ಲಿನ ಛತ್ರಿಮಂಟಪಗಳ ಕೆಳಗೆ, ಸಮ್ಮಿನ ಮರಳುದಿಬ್ಬಗಳ ಮೇಲೆ ನಿಲ್ಲಿಸಿ ಫೋಟೋ ತೆಗೆಯುವುದು ಅವನ ಕಸುಬು. ಬಂದವರೆಲ್ಲ ಮುಳುಗುವ ಸೂರ್ಯನಿಗೆ ಬೆನ್ನು ಕೊಟ್ಟು ನಗುತ್ತಿದ್ದರು. ಅವರ ಭುಜದಾಚೆ ಪಶ್ಚಿಮವನ್ನು ನೋಡುತ್ತ ನಿಲ್ಲುತ್ತಿದ್ದವನು ಇವನೊಬ್ಬನೇ. ಆ ದಿಕ್ಕಿನಲ್ಲಿ, ಗಡಿಯಾಚೆ, ಅವನ ಅಕ್ಕ ಇದ್ದಳು.

ವೀಂಜಾರಾಮ ಹುಟ್ಟಿದ್ದು ಮರುಭೂಮಿಯ ಆ ಕಡೆ, ಛಾಛರೋ ಹತ್ತಿರದ ಒಂದು ಮೇಘವಾಲರ ಕೇರಿಯಲ್ಲಿ. ತಾಯಿ ಅವನನ್ನು ಹೆತ್ತು ಬಾಣಂತನದಲ್ಲೇ ತೀರಿಕೊಂಡಳು. ಸೊಂಟದ ಮೇಲೆ ಹೊತ್ತು ಸಾಕಿದವಳು ಅಕ್ಕ ಧಾಪು, ಅವನ ಜೀಜಿ. ನಮ್ಮ ಕಡೆ ಧಾಪು ಅಂದರೆ ಹೊಟ್ಟೆ ತುಂಬಿತು, ಇನ್ನು ಸಾಕು ಎಂದು ಅರ್ಥ. ಹೆಣ್ಣುಮಕ್ಕಳ ಸಾಲು ಇಲ್ಲಿಗೆ ನಿಲ್ಲಲಿ ಎಂದು ಇಡುವ ಹೆಸರು. ಅವಳಿಗಿಂತ ಮುಂಚೆ ಹುಟ್ಟಿದವರು ಯಾರೂ ಉಳಿಯಲಿಲ್ಲ. ಸಾಕು ಎನಿಸಿಕೊಂಡವಳೇ ಉಳಿದಳು, ಉಳಿದು ತಮ್ಮನಿಗೆ ತಾಯಿಯಾದಳು.

ಎಪ್ಪತ್ತೊಂದರ ಯುದ್ಧಕ್ಕೆ ಸ್ವಲ್ಪ ಮೊದಲು ಅವಳನ್ನು ಮೀಠಿಯ ಆಚೆಯ ಊರಿಗೆ ಮದುವೆ ಮಾಡಿಕೊಟ್ಟಿದ್ದರು. ಯುದ್ಧದಲ್ಲಿ ನಮ್ಮ ಸೈನ್ಯ ಛಾಛರೋ ತನಕ ಹೋಯಿತು. ಹಿಡಿದ ನೆಲವನ್ನು ವಾಪಸು ಕೊಡುತ್ತಾರಂತೆ ಎಂಬ ಸುದ್ದಿ ಹಬ್ಬಿದಾಗ ಕೇರಿಯವರೆಲ್ಲ ಒಂಟೆಗಳ ಮೇಲೆ ಮನೆ ಹೇರಿಕೊಂಡು ಈ ಕಡೆ ಬಂದರು. ಮಗಳಿಗೆ ಹೇಳಿಕಳಿಸಲು ಅಪ್ಪನಿಗೆ ದಾರಿಯೇ ಇರಲಿಲ್ಲ. ಗಂಟುಮೂಟೆಗಳ ಮೇಲೆ ಕೂತ ಹುಡುಗ ವೀಂಜಾ ದಾರಿಯುದ್ದಕ್ಕೂ ಹಿಂದಕ್ಕೇ ತಿರುಗಿ ನೋಡುತ್ತಿದ್ದ, ಅಕ್ಕ ಓಡಿ ಬಂದಾಳು ಎಂದು.

ಅವನು ಬೆಳೆದು, ಈ ಊರಿನ ಸ್ಟುಡಿಯೋ ಒಂದರಲ್ಲಿ ಕೆಲಸ ಕಲಿತು, ಸ್ವಂತ ಅಂಗಡಿ ಇಟ್ಟ. ಅಷ್ಟು ಹೊತ್ತಿಗೆ ಅಕ್ಕನ ಮುಖ ಅವನ ಮನಸ್ಸಿನಿಂದ ಅಳಿಸಿಹೋಗಿತ್ತು. ದನಿ ನೆನಪಿತ್ತು, ಬಳೆಗಳ ಸದ್ದು ನೆನಪಿತ್ತು, ತಲೆಗೆ ಹೊದ್ದ ಓಢಣಿಯ ಹೊಗೆ ವಾಸನೆ ನೆನಪಿತ್ತು. ಮುಖ ಇರಬೇಕಾದ ಕಡೆ ಏನೂ ಇರಲಿಲ್ಲ.

"ದಿನಾ ಕತ್ತಲೆಕೋಣೇಲಿ ಯಾರ್ಯಾರದೋ ಮುಖ ತೊಳೆದು ಒಣಹಾಕ್ತೀನಿ, ಭಾಯಿ," ಎಂದಿದ್ದ ಒಮ್ಮೆ. "ನನಗೆ ಬೇಕಾದ್ದು ಒಂದೇ ಒಂದು. ಅದೇ ಇಲ್ಲ."

ಗಡಿಯಾಚೆಯ ದೇಶಕ್ಕೂ ಹೋಗುವವರು ಎಂದು ಗೊತ್ತಾದರೆ ಸಾಕು, ಪ್ರವಾಸಿಗಳಿಗೆ ಚಹಾ ಕುಡಿಸಿ ಅಕ್ಕನ ಊರಿನ ಹೆಸರು ಬಾಯಿಪಾಠ ಮಾಡಿಸುತ್ತಿದ್ದ. ಎಲ್ಲರೂ ಹೂಂ ಅನ್ನುತ್ತಿದ್ದರು, ಯಾರೂ ತಿರುಗಿ ಬರುತ್ತಿರಲಿಲ್ಲ. ಕೊನೆಗೆ ಒಂದು ಚಳಿಗಾಲ, ಸೈಕಲ್ ಮೇಲೆ ಲೋಕ ಸುತ್ತುತ್ತಿದ್ದ ಲೀನಸ್ ಎಂಬ ಸ್ವೀಡನ್ನಿನವನು ನಿಜಕ್ಕೂ ಅಲ್ಲಿಗೆ ಹೋಗಿ, ಮರುವರ್ಷ ಫೋಟೋ ಹಿಡಿದು ಅಂಗಡಿಗೆ ಬಂದ. ವೀಂಜಾರಾಮ ಕೈ ತೊಳೆದುಕೊಂಡು ಬಂದು ಅದನ್ನು ಎರಡೂ ಕೈಯಲ್ಲಿ ಈಸಿಕೊಂಡ.

ಮಣ್ಣಿನ ಗುಡಿಸಲು, ಮುಂದೆ ಕುಕ್ಕರಗಾಲಲ್ಲಿ ಕೂತ ಹೆಂಗಸು. ತಲೆಯಿಂದ ಎದೆಯ ತನಕ ಕೆಂಪು ಮುಸುಕು.

"ಇದರಲ್ಲಿ ಮುಖ ಎಲ್ಲಪ್ಪಾ?" ಎಂದೆ ನಾನು, ತಡೆಯಲಾರದೆ.

ಲೀನಸ್ ತನ್ನ ಹರಕು ಹಿಂದಿಯಲ್ಲಿ ಹೇಳಿದ: "ನಾನು ಬಹಳ ಕೇಳಿದೆ. ಅವರು ಆಗಲ್ಲ ಅಂದರು. ಅಲ್ಲಿ ಅವರ ಮುದುಕ ಮಾವ, ಗಂಡನ ಅಪ್ಪ, ಕೂತಿದ್ದರು."

ವೀಂಜಾರಾಮ ನಕ್ಕುಬಿಟ್ಟ. "ಸೈಕಲ್ ಮೇಲೆ ಬಂದ ಪರಗಂಡಸಿಗೆ, ಅದೂ ಮಾವನ ಎದುರಿಗೆ, ಮುಸುಕು ತೆಗೆದಿದ್ದರೆ ನಾನೇ ಬೈತಿದ್ದೆ ಬಿಡು." ಲೀನಸ್‌ನನ್ನು ಮನೆಗೆ ಕರೆದೊಯ್ದು ಸಜ್ಜೆ ರೊಟ್ಟಿ, ತುಪ್ಪ, ಬೆಲ್ಲ ಉಣ್ಣಿಸಿ ಕಳಿಸಿದ. ಮರುದಿನ ಅಂಗಡಿ ತೆರೆಯಲಿಲ್ಲ. ಹೋಗಿ ನೋಡಿದರೆ, ಫೋಟೋವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಕೂತಿದ್ದ. ಬಟ್ಟೆಯ ಹಿಂದೆ ಮೂಗಿನ ಏಣಾದರೂ ಕಂಡೀತೇ ಎಂದು.

ಗಡಿ ದಾಟುವ ಮುನಾಬಾವ್ ದಾರಿಯಲ್ಲಿ ರೈಲು ಮತ್ತೆ ಶುರುವಾದ ಮೇಲೆ, ಎಷ್ಟೋ ಸಲ ದಿಲ್ಲಿಗೆ ಅಲೆದು ಅವನು ವೀಸಾ ಪಡೆದ. ಅತ್ತ ಇಳಿದು, ಜೀಪು ಹತ್ತಿ, ಅಕ್ಕನ ಅಂಗಳ ತಲುಪಿದಾಗ ನಡು ಮಧ್ಯಾಹ್ನ. ಅಲ್ಲಿ ನಡೆದದ್ದನ್ನು ಅವನು ಹೇಳಿದ ಹಾಗೇ ಹೇಳುತ್ತೇನೆ.

ಮಾವ ಇನ್ನೂ ಬದುಕಿದ್ದ. ಅಂಗಳದ ಮಂಚದಲ್ಲಿ ಕೂತು ಬೀಡಿ ಸೇದುತ್ತಿದ್ದ. ಹೀಗಾಗಿ ಅಕ್ಕ ಮುಸುಕಿನಲ್ಲೇ ಬಂದು, ಮುಸುಕಿನಲ್ಲೇ ತಮ್ಮನನ್ನು ತಬ್ಬಿ ಅತ್ತಳು. ಗುಡಿಸಲಿನೊಳಗೆ ಹೋದ ಮೇಲೆ ಓಢಣಿ ಹಿಂದಕ್ಕೆ ಸರಿಸಿದಳು. ಅವನ ಎದುರಿಗೆ, ಹಲ್ಲು ಬಿದ್ದ, ಕೆನ್ನೆ ಒಳಸೇರಿದ ಒಬ್ಬ ಮುದುಕಿ. ಅವನಿಗೆ ಗುರುತೇ ಹತ್ತಲಿಲ್ಲ. ಇಷ್ಟು ವರ್ಷ ಹಂಬಲಿಸಿದ ಮುಖ ಇದಲ್ಲ, ಯಾರೋ ಬೇರೆಯವರ ಮನೆಗೆ ಬಂದೆ ಅನಿಸಿತು.

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಏನೋ ಇದು, ಇಷ್ಟು ದೊಡ್ಡ ಹೊಟ್ಟೆ? ನಿನ್ನ ಹೆಂಡತಿ ನಿನ್ನನ್ನ ಎಮ್ಮೆ ಅಂದುಕೊಂಡಿದಾಳಾ? ಕೂತ್ಕೋ, ಮೊದಲು ಕಾಲು ತೊಳಿತೀನಿ."

ಆ ದನಿ. ಅವನು ಕೂತ. ಅವಳು ಕಾಲಿಗೆ ನೀರು ಹಾಕುತ್ತಿದ್ದಂತೆ ದನಿ ಮೆಲ್ಲಗೆ ಆ ಮುಖದೊಳಗೆ ಇಳಿಯಿತಂತೆ. ಸಂಜೆಯ ಹೊತ್ತಿಗೆ, ಅವಳಿಗೆ ಬೇರೆ ಮುಖ ಯಾವತ್ತೂ ಇದ್ದಿರಲೇ ಇಲ್ಲ ಎನ್ನುವಷ್ಟು ಅದು ಅವನದಾಯಿತು.

ಹೊರಡುವ ದಿನ ಅವನು ಕ್ಯಾಮೆರಾ ತೆಗೆದ.

"ಜೀಜಿ, ಬಾಗಿಲ ಬೆಳಕಿಗೆ ಬಂದು ಕೂತ್ಕೋ. ಒಂದೇ ಒಂದು."

"ಬೇಡ, ಬೀರಾ," ಎಂದಳು ತಮ್ಮನಿಗೆ.

"ಯಾಕೆ? ಮಾವ ಹೊರಗೆ ಹೋಗಿದಾನಲ್ಲ."

"ಮಾವನಿಗಲ್ಲ. ಫೋಟೋ ಸಿಕ್ಕಿದ್ರೆ ನೀನು ಅದನ್ನೇ ನೋಡ್ಕೊಂಡು ಇದ್ದುಬಿಡ್ತೀಯ. ಇದಕ್ಕೋಸ್ಕರನಾದ್ರೂ ಇನ್ನೊಂದು ಸಲ ಬಾ. ಆಗ ತೆಗಿ."

ಕದ್ದು ತೆಗೆಯಬಹುದಿತ್ತು. ಮದುವೆ ಮನೆಗಳಲ್ಲಿ ಜನರಿಗೆ ಗೊತ್ತಾಗದಂತೆ ಫೋಟೋ ತೆಗೆಯುವುದರಲ್ಲಿ ಎತ್ತಿದ ಕೈ ಅವನದು. ಅಕ್ಕ ಬೇಡ ಅಂದಳೆಂದು ಕ್ಯಾಮೆರಾ ಮುಚ್ಚಿಟ್ಟ. ಮುಂದಿನ ವರ್ಷ ಬರುತ್ತೇನೆ ಎಂದು ಮಾತು ಕೊಟ್ಟು ರೈಲು ಹತ್ತಿದ.

ಮುಂದಿನ ವರ್ಷ ವೀಸಾ ಸಿಗಲಿಲ್ಲ. ಅದರ ಮುಂದಿನ ವರ್ಷವೂ ಸಿಗಲಿಲ್ಲ. ಆಮೇಲೆ ಹೆಂಡತಿ ಹಾಸಿಗೆ ಹಿಡಿದಳು. ಅವಳು ಎದ್ದು ಓಡಾಡುವಂತಾಗಿ ಇವನು ಮತ್ತೆ ಅರ್ಜಿ ಹಾಕುವಷ್ಟರಲ್ಲಿ ಎರಡು ದೇಶಗಳ ನಡುವೆ ಸಂಬಂಧ ಕೆಟ್ಟು, ರೈಲೇ ನಿಂತಿತು. ಈಗಲೂ ನಿಂತೇ ಇದೆ.

ಈಗ ಅಕ್ಕನ ಮೊಮ್ಮಗಳ ಹತ್ತಿರ ಫೋನಿದೆ. ಮೊನ್ನೆ ಅಂಗಡಿಯ ಮುಂದೆ ಕೂತು ಅವನು ಮಾತಾಡುತ್ತಿದ್ದ. ಫೋನಿನ ಸದ್ದು ಜೋರು, ನನಗೂ ಕೇಳಿಸುತ್ತಿತ್ತು.

"ವೀಂಜಾ, ನನಗೆ ಕಣ್ಣು ಮಂಜಾಗ್ತಿದೆ. ಇನ್ನು ಹಟ ಮಾಡಲ್ಲ. ಬಾ, ತೆಗಿ," ಎಂದಳು ಧಾಪು.

"ಹೇಗೆ ಬರ್ಲಿ, ಜೀಜಿ? ಹುಡುಗಿ ಕೈಲಿ ಫೋನಿದೆಯಲ್ಲ. ಅವಳಿಗೆ ಹೇಳು, ಈಗಲೇ ತೆಗೆದು ಕಳಿಸ್ತಾಳೆ."

ಆ ಕಡೆ ಮೇಕೆಯೊಂದು ಕೂಗಿತು.

"ಫೋನಲ್ಲಿ ಬೇಡ. ಅದು ಯಾರ್ಯಾರ ಕೈಗೆ ಹೋಗುತ್ತೋ. ನೀನು ತೆಗೆದ್ರೆ ಮಾತ್ರ ಮುಸುಕು ತೆಗಿತೀನಿ."

"ಆಯ್ತು, ಜೀಜಿ. ನಾನೇ ತೆಗಿತೀನಿ."

"ಯಾವಾಗ?"

ಅಷ್ಟರಲ್ಲಿ ಪ್ರವಾಸಿಗಳನ್ನು ಹೊತ್ತು ದಿಬ್ಬಗಳಿಗೆ ಹೊರಟ ಜೀಪು ಬಂದು ಹಾರನ್ ಹೊಡೆಯಿತು. "ಚಳಿ ಶುರುವಾಗ್ಲಿ," ಎಂದು ಹೇಳಿ, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಎದ್ದ.