ಈಜು ಕಲಿಸುತ್ತಿದ್ದ ಇಂದೂಬಾಯಿ

ಇಂದೂಬಾಯಿ ನೀರಿಗಿಳಿದದ್ದನ್ನು ನಾನು ಒಮ್ಮೆಯೂ ಕಂಡವನಲ್ಲ. ಆದರೂ ಮಕ್ಕಳು ಈಜಿದಷ್ಟು ದೂರವನ್ನು ಅವರೂ ನಡೆದು ಮುಗಿಸುತ್ತಿದ್ದರು. ಸಿಡ್ನಿಯ ಕ್ವೇಕರ್ಸ್ ಹಿಲ್ ಕಡೆಯ ಈಜುಕೊಳದ ಅಂಚಿನಲ್ಲಿ, ಟ್ರ್ಯಾಕ್ ಪ್ಯಾಂಟಿನ ಮೇಲೆ ಹಳೆಯ ಉಣ್ಣೆಯ ಸ್ವೆಟರ್ ಹಾಕಿಕೊಂಡು, ಬರಿಗಾಲಲ್ಲಿ, ಈಜುವ ಮಗುವಿಗೆ ಸರಿಯಾಗಿ ಹೆಜ್ಜೆ ಹಾಕುವರು. ಮಗು ನೀರಿನಿಂದ ಕೈ ಎತ್ತಿದರೆ ಇವರ ಕೈಯೂ ಅರ್ಧಕ್ಕೆ ಏಳುವುದು. ಅದು ಉಸಿರಿಗೆ ತಡವರಿಸಿದರೆ ಇವರ ಬಾಯಿಯೂ ತೆರೆದುಕೊಳ್ಳುವುದು.

ಬೆಳಗಾವಿಯ ಹತ್ತಿರದ ಹಳ್ಳಿಯವರು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಈಜು ಕಲಿತವರು. ಗಂಡನ ಕೆಲಸದ ನೆಪದಲ್ಲಿ ಸಿಡ್ನಿಗೆ ಬಂದು, ಗಂಡ ತೀರಿಹೋದ ಮೇಲೆ ಇಲ್ಲಿಯ ಪರೀಕ್ಷೆಗಳನ್ನು ಕಟ್ಟಿ ಕೋಚ್ ಆದರು. ಮಾತು ಮಾತ್ರ ಬಾವಿಯ ಕಟ್ಟೆಯ ಮೇಲಿನದೇ. ಬೆಂಚಿನಿಂದ ಕೂಗುವ ತಂದೆತಾಯಿಗಳಿಗೆ, "ನಿಮ್ಮ ಬಾಯಿ ಈಜತೈತೇನ್ರಿ? ಸುಮ್ಮ ಕುಂದರ್ರಿ" ಎನ್ನುವರು. ಮಕ್ಕಳನ್ನು "ಏ ಎಮ್ಮಿ, ಕಾಲ ಬಡಿ!" ಎಂದು ಗದರುವರು. ಬೆಂಗಳೂರಿನ ತಾಯಿಯೊಬ್ಬರು, "ಆಂಟಿ, ಮಕ್ಕಳನ್ನ ಎಮ್ಮೆ ಅನ್ಬೇಡಿ, ಕಾನ್ಫಿಡೆನ್ಸ್ ಹೋಗುತ್ತೆ" ಎಂದರೆ, ಇಂದೂಬಾಯಿಗೆ ನಿಜವಾಗಿಯೂ ಆಶ್ಚರ್ಯ. "ಬೈಗುಳ ಅಲ್ರಿ ಅದು. ಎಮ್ಮಿ ಎಷ್ಟ ಛಂದ ಈಜತೈತಿ, ನೋಡೀರೇನು?"

ನಾನು ಹುಬ್ಬಳ್ಳಿಯವನು. ಹತ್ತನೆಯ ಇಯತ್ತೆ ಮುಗಿಸಿ, ಬಟ್ಟೆ ಅಂಗಡಿಯ ಗಾದಿಯ ಮೇಲೆ ಆಯುಷ್ಯ ಕಳೆದೆ. ಹೆಂಡತಿ ಹೋದ ಮೇಲೆ ಆ ಕೊಳದ ಹತ್ತಿರದ ಸ್ಕೋಫೀಲ್ಡ್ಸ್‌ನಲ್ಲಿರುವ ಮಗನ ಮನೆಗೆ ಬಂದೆ. ಮಗ ಸೊಸೆ ಇಬ್ಬರೂ ಮಾರ್ಟ್‌ಗೇಜಿನ ಹಿಂದೆ ಓಡುವವರು. ಇಂದೂಬಾಯಿಯ ಬಳಿ ಈಜು ಕಲಿಯುವ ಮೊಮ್ಮಗಳು ನಿಧಿಯ ಜೊತೆ ನಸುಕಿನಲ್ಲಿ ಕೊಳದ ಬೆಂಚಿನ ಮೇಲೆ ತೂಕಡಿಸುವುದು ನನ್ನ ಪಾಲಿನ ಕೆಲಸವಾಯಿತು. ನಿಧಿಯದು ಬಟರ್‌ಫ್ಲೈ ಈಜು. ಎರಡೂ ತೋಳು ಒಟ್ಟಿಗೆ ಬೀಸಿ ನೀರಿನಿಂದ ಏಳುವಾಗ ಅವಳನ್ನು ನೋಡಿದರೆ ನನಗೆ ನಿದ್ದೆ ಹಾರುತ್ತಿತ್ತು.

ಹನ್ನೊಂದನೆಯ ಕ್ಲಾಸಿಗೆ ಬಂದಾಗ ಅವಳಿಗೆ ಅಮೆರಿಕದ ಕಾಲೇಜಿನ ಆಸೆ ಹತ್ತಿತು. ಅಲ್ಲಿಯ ಕಾಲೇಜುಗಳು ಚೆನ್ನಾಗಿ ಈಜುವವರನ್ನು ಲೋಕದ ಎಲ್ಲ ಕಡೆಯಿಂದ ಆರಿಸಿ, ಫೀ ಬಿಟ್ಟು, ತಮ್ಮ ತಂಡಕ್ಕೆ ಸೇರಿಸಿಕೊಳ್ಳುತ್ತವಂತೆ. ಅದಕ್ಕೆ ಹುಡುಗಿಯೇ ಅಲ್ಲಿಯ ಕೋಚ್‌ಗಳಿಗೆ ಬರೆಯಬೇಕು, ತನ್ನ ರೇಸಿನ ವಿಡಿಯೊ ಕಳಿಸಬೇಕು, ಕಾಯಬೇಕು. ನಿಧಿ ಬರೆದಳು, ಕಾದಳು. ಊಟದ ತಟ್ಟೆಯ ಪಕ್ಕದಲ್ಲೂ ಫೋನು. ಕೊನೆಗೊಂದು ಕಾಲೇಜಿನ ಕೋಚ್, ಒಬ್ಬ ಹೆಂಗಸು, ವಿಡಿಯೊ ಕಾಲ್‌ನಲ್ಲಿ ಮಾತಾಡುವೆನೆಂದಳು.

ನಮ್ಮ ಬಳಗದಲ್ಲಿ ಮದುವೆಯ ಮಾತುಕತೆಗೆ ನನ್ನನ್ನೇ ಮುಂದೆ ಕೂರಿಸುತ್ತಿದ್ದರು. ಯಾವುದನ್ನು ಆಡಬೇಕು, ಯಾವುದನ್ನು ನುಂಗಬೇಕು ಎಂಬುದು ನನಗೆ ಗೊತ್ತು ಎಂದು ಜನ ನಂಬಿದ್ದರು, ನಾನೂ ನಂಬಿದ್ದೆ. ಇದೂ ಹೆಣ್ಣು ನೋಡುವ ಶಾಸ್ತ್ರವೇ ಎಂದುಕೊಂಡೆ. ಇಸ್ತ್ರಿ ಅಂಗಿ ತೊಟ್ಟೆ. ನಿಧಿಯ ಪದಕಗಳನ್ನು ಅವಳ ಹಿಂದಿನ ಗೋಡೆಗೆ ತೂಗಿಸಿದೆ. ಪರದೆಯೊಳಗಿನವಳಿಗೆ ಚಹಾ ಕೊಡಲಾಗದಲ್ಲ ಎಂಬ ಕಸಿವಿಸಿಯೂ ಆಯಿತು. ನಿಧಿಯ ಎಡಹೆಗಲು ಆಗ ಕೆಲವು ತಿಂಗಳಿಂದ ನೋಯುತ್ತಿತ್ತು. ಅದರ ಸುದ್ದಿ ಎತ್ತಬೇಡ ಎಂದು ಅವಳಿಗೆ ಹಿಂದಿನ ದಿನವೇ ತಾಕೀತು ಮಾಡಿದ್ದೆ.

ಆ ಹೆಂಗಸು ನಗುನಗುತ್ತ ಮಾತಾಡಿ, ಎಲ್ಲಾದರೂ ನೋವು, ಪೆಟ್ಟು ಇದೆಯೇ ಎಂದು ಕೇಳಿದಳು. ನಿಧಿ ನನ್ನತ್ತ ನೋಡಿದಳು. ಆಮೇಲೆ "ನೋ, ಆಲ್ ಗುಡ್" ಎಂದಳು. ಈ ವಾರವೇ ನಿನ್ನ ಕೋಚ್ ಜೊತೆಗೂ ಮಾತಾಡುವೆ ಎಂದು ಹೇಳಿ ಆಕೆ ಕಾಲ್ ಮುಗಿಸಿದಳು.

ಅಂದು ಸಂಜೆ ಇಂದೂಬಾಯಿ ನಮ್ಮ ಮನೆಗೆ ಬಂದರು. ಕೂತುಕೊಳ್ಳಲಿಲ್ಲ.

"ಅಜ್ಜಾರ, ಆ ಅಮೆರಿಕಾದಾಕಿ ಕೇಳಿದ್ರ ನಾ ಹೆಗಲಿಂದು ಹೇಳಾಕಿ. ಅಲ್ಲಿ ಹೋದ ಮ್ಯಾಲ ದಿನಾ ಎರಡ ಹೊತ್ತು ಈಜಸ್ತಾರ. ಹೆಗಲ ಹರದ್ರ ಯಾರ ನೋಡತಾರ?"

"ಸಾವಿರ ಸುಳ್ಳ ಹೇಳಿ ಒಂದ ಮದುವಿ ಮಾಡು ಅಂದಾರ, ಬಾಯಾರ" ಎಂದೆ ನಾನು.

"ಮಾತಾಡಿದವರು ಉಂಡು ಮನೀಗೆ ಹೋಗತಾರ್ರಿ. ಬಾಳೇ ಮಾಡಾಕಿ ಯಾರು?"

ಆ ಕೋಚ್ ಕೇಳಿದಾಗ ಅವರು ಹೇಳಿಯೇಬಿಟ್ಟರು. ವಾರದೊಳಗೆ ಆ ಕಾಲೇಜಿನಿಂದ ಮರ್ಯಾದೆಯ ಎರಡು ಸಾಲು ಬಂತು. ಈ ವರ್ಷ ಮುಂದುವರಿಯಲಾರೆವು, ಹೆಗಲು ನೋಡಿಕೊ, ಒಳ್ಳೆಯದಾಗಲಿ. ನಿಧಿ ಓದಿ ಫೋನನ್ನು ಬೋರಲು ಹಾಕಿ ಮಲಗಿದಳು. ನಾನು ಮಲಗಲಿಲ್ಲ. ಕೂಡಿಬಂದ ಸಂಬಂಧವನ್ನು ಮುರಿದವರ ಮೇಲೆ ಹುಟ್ಟುವ ಸಿಟ್ಟು ಹೇಗಿರುತ್ತದೆ ಎಂಬುದು ಅದನ್ನು ಹೊತ್ತವರಿಗೇ ಗೊತ್ತು.

ಕನ್ನಡ ಸಂಘದ ಯುಗಾದಿಯ ಊಟಕ್ಕೆ ನಮ್ಮ ಜನರೆಲ್ಲ ಹಾಲ್‌ನಲ್ಲಿ ಸೇರಿದ್ದರು. ಊಟದ ಸಾಲಿನಲ್ಲಿ ಯಾರೋ, "ನಿಧಿ ಅಮೆರಿಕಕ್ಕೆ ಯಾವಾಗ ಅಂಕಲ್?" ಎಂದು ಕೇಳಿದರು. ಹೋಳಿಗೆಯ ತಟ್ಟೆ ಹಿಡಿದುಕೊಂಡು ನಾನು ಹೇಳಿದೆ: "ಎಲ್ಲಿ ಅಮೆರಿಕಾನ್ರಿ? ಇಂದೂಬಾಯಿಗೆ ಆ ಜಾಗಾ ತಮಗ ಬೇಕಾದ ಇನ್ನೊಂದ ಹುಡುಗಿಗೆ ಕೊಡಸೋದಿತ್ತು. ನಮ್ಮಾಕಿ ಮ್ಯಾಲ ಇಲ್ಲದ್ದೆಲ್ಲಾ ಹೇಳಿ ಕೆಡಿಸಿಬಿಟ್ರು."

ಹುಡುಗಿ ಯಾರು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ನನ್ನ ಬಳಿ ಹೆಸರಿರಲಿಲ್ಲ. ಮಕ್ಕಳ ಭವಿಷ್ಯವೆಂದರೆ ನಮ್ಮ ಜನಕ್ಕೆ ಅಂಥ ಭಯ. ಒಂದು ಮನೆಯವರು ಮಗುವನ್ನು ಬೇರೆ ಕೋಚ್ ಬಳಿ ಸೇರಿಸಿದರು, ಆಮೇಲೆ ಇನ್ನೊಂದು ಮನೆಯವರು. ಚಳಿಗಾಲದ ಹೊತ್ತಿಗೆ ಇಂದೂಬಾಯಿ ಕೊಳದ ಅಂಚಿನಲ್ಲಿ ನಡೆಯುತ್ತಿದ್ದದ್ದು ಬಹುತೇಕ ಖಾಲಿ ನೀರಿನ ಪಕ್ಕ. ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿರುವ ತಂಗಿಯ ಮನೆಗೆ ಹೊರಟುಹೋದರು.

ಅದಾದ ಮೇಲೆ ನಿಧಿಗೆ ಕೂದಲು ಬಾಚಲೂ ಕೈ ಏಳದಾಯಿತು. ಸ್ಕ್ಯಾನ್ ನೋಡಿದ ಡಾಕ್ಟರು, ಇನ್ನೊಂದು ವರ್ಷ ಜೋರಾಗಿ ಈಜಿದ್ದರೆ ಆಪರೇಷನ್ನೇ ಆಗುತ್ತಿತ್ತು ಎಂದರು. ಕಾರಿನಲ್ಲಿ ಬರುವಾಗ ನಾನು ಏನೋ ಸಮಾಧಾನ ಹೇಳಲು ಹೋದೆ. ಅವಳು ಕಿಟಕಿಯ ಕಡೆ ನೋಡುತ್ತ, "ಐ ಆಸ್ಕ್ಡ್ ಹರ್ ಟು ಟೆಲ್ ದೆಮ್, ಅಜ್ಜಾ. ಐ ವಾಸ್ ಸ್ಕೇರ್ಡ್ ಆಫ್ ಯು" ಎಂದಳು. ಹೇಳಿಬಿಡಿ ಎಂದು ಇಂದೂಬಾಯಿಯನ್ನು ಬೇಡಿಕೊಂಡವಳು ಅವಳೇ. ಅವಳು ಹೆದರಿದ್ದು ನನಗೆ.

ಕಳೆದ ವರ್ಷ ಮೆಲ್ಬರ್ನಿನಲ್ಲಿ ಬಂಧುಗಳ ಗೃಹಪ್ರವೇಶಕ್ಕೆ ಹೋದಾಗ ಮಗನಿಗೆ ಹೇಳಿ ಆ ತಂಗಿಯ ಮನೆಗೆ ಕಾರು ತಿರುಗಿಸಿದೆ. ಇಂದೂಬಾಯಿ ತಂಗಿಯ ಮೊಮ್ಮಗನಿಗೆ ಅನ್ನ ತಿನ್ನಿಸುತ್ತಿದ್ದರು. ಈಜು ಕಲಿಸುವುದನ್ನು ಬಿಟ್ಟಿದ್ದರು. ಸೊರಗಿದ್ದರು. "ನಿಧಿ ಹೆಗಲ ಹ್ಯಾಂಗೈತಿ?" ಎಂಬುದೇ ಮೊದಲ ಮಾತು. ಈಗ ಸಿಡ್ನಿಯಲ್ಲೇ ಯೂನಿವರ್ಸಿಟಿಗೆ ಹೋಗುತ್ತಾಳೆ, ಮನಸ್ಸು ಬಂದಾಗ ಮೆಲ್ಲಗೆ ಈಜುತ್ತಾಳೆ ಎಂದೆ. "ಸಾಕಲ್ರಿ" ಎಂದರು.

"ಆಕೀನ ಹೇಳಂದಿದ್ಲು ಅಂತ ನೀವ್ಯಾಕ ಒಂದ ಮಾತ ಹೇಳಲಿಲ್ರಿ?" ಎಂದು ಕೇಳಿದೆ.

"ಹುಡುಗಿ ನಿಮ್ಮ ಜೋಡಿ ಒಂದ ಮನ್ಯಾಗ ಇರಬೇಕಲ್ರಿ."

ನನ್ನದು ತಪ್ಪಾಯಿತು ಎಂದು ಕೈ ಮುಗಿದೆ. ಅವರು ಹುಡುಗನ ಬಾಯಿ ಒರೆಸುತ್ತ, ಸಿಟ್ಟಿಲ್ಲದೆ, ಬಹಳ ದಣಿದ ದನಿಯಲ್ಲಿ, "ನನ್ನ ಮುಂದ ಯಾಕ ಹೇಳತೀರಿ? ನನಗ ಗೊತ್ತೈತಿ. ಗೊತ್ತಿಲ್ದವರ ಮುಂದ ಹೇಳ್ರಿ" ಎಂದರು. ಬಾಗಿಲ ತನಕ ಬಂದು ಬೀಳ್ಕೊಟ್ಟರು. ಮತ್ತೆ ಅವರನ್ನು ನಾನು ಕಂಡಿಲ್ಲ.

ದೀಪಾವಳಿಗೆ ಅದೇ ಹಾಲ್‌ನಲ್ಲಿ ಎದ್ದು ನಿಂತು ಹೇಳಬೇಕೆಂದು ಹೋಗಿದ್ದೆ. ಮೈಕು ಕೈಗೆ ಸಿಗುವಷ್ಟು ಹತ್ತಿರವಿತ್ತು. ಉಂಡು ಮನೆಗೆ ಬಂದೆ. ನಮ್ಮ ಸಂಘದ ಸಂಚಿಕೆಗೆ ಹಿರಿಯರು ಏನಾದರೂ ಬರೆದುಕೊಡಿ ಎಂದು ಕೇಳಿದ್ದಾರೆ, ಅದಕ್ಕೇ ಇದನ್ನು ಕೊಡುತ್ತಿದ್ದೇನೆ. ಆ ಯುಗಾದಿಯ ದಿನ ಊಟದ ಸಾಲಿನಲ್ಲಿ ನನ್ನ ಹಿಂದೆ ಮುಂದೆ ನಿಂತಿದ್ದ ನೀವೂ ಓದುತ್ತೀರೆಂದು ಗೊತ್ತು. ಇಂದೂಬಾಯಿ ಆ ಕಾಲೇಜಿನವರಿಗೆ ಹೇಳಿದ್ದು ನಿಜವನ್ನೇ, ಅದೂ ನನ್ನ ಮೊಮ್ಮಗಳು ಕೇಳಿಕೊಂಡಿದ್ದಕ್ಕೆ. ಇನ್ನೊಂದು ಹುಡುಗಿ ಎಂಬುವಳು ಇರಲೇ ಇಲ್ಲ. ಅವಳನ್ನು ಹುಟ್ಟಿಸಿದವನು ನಾನು.